ಜಯರಾಮು ಎಳೆದ ಐದು ಕೆಂಪು ಗೆರೆ

ಹೊಂಗೆಪಾಳ್ಯದ ಜಯರಾಮುವಿಗೆ ಸುಳ್ಳು ಹೇಳಿ ಅಭ್ಯಾಸವಿರಲಿಲ್ಲ. ಇದ್ದಿದ್ದರೆ ಆ ಮಂಗಳವಾರ ಸಂಜೆ ಫೋನಿನಲ್ಲಿ ಅಷ್ಟು ಕೆಟ್ಟದಾಗಿ ಹೇಳುತ್ತಿರಲಿಲ್ಲ.

ಫೋನು ಮಾಡಿದವನು ಕೊರಟಗೆರೆಯ ಚಿಕ್ಕರಾಜು. ಜಯರಾಮುವಿನ ಮಗಳು ಲೋಹಿತಾಳನ್ನು ತನ್ನ ಮಗ ಜಯಕುಮಾರನಿಗೆ ತಂದುಕೊಳ್ಳಬೇಕೆಂದಿದ್ದ ಮನುಷ್ಯ. ಹುಡುಗ ಹುಡುಗಿ ಇಬ್ಬರೂ ಮಧುಗಿರಿಯ ಒಂದೇ ಬೀದಿಯಲ್ಲಿ ಕೆಲಸಕ್ಕಿದ್ದರು. ಅವನದು ಮೊಬೈಲ್ ರಿಪೇರಿ ಅಂಗಡಿ, ಇವಳದು ಎದುರಿನ ರಕ್ತ ಪರೀಕ್ಷೆಯ ಲ್ಯಾಬು. ಅವರಿಬ್ಬರ ಒಪ್ಪಿಗೆ ಯಾವಾಗಲೋ ಆಗಿಹೋಗಿತ್ತು. ಇನ್ನುಳಿದದ್ದು ಗಂಡಿನ ಕಡೆಯ ಹಿರಿಯರು ಭಾನುವಾರ ಬಂದು, ಮನೆ ನೋಡಿ, ಉಪ್ಪಿಟ್ಟು ತಿಂದು, ಹುಡುಗಿಗೆ ಹೂ ಮುಡಿಸಿ ಹೋಗುವುದು ಮಾತ್ರ. ಹೂ ಮುಡಿಸಿದರೆ ಒಪ್ಪಿದಂತೆ. ಮುಡಿಸದೆ "ಊರಿಗೆ ಹೋಗಿ ಫೋನ್ ಮಾಡ್ತೀವಿ" ಎಂದು ಎದ್ದರೆ ಆ ಫೋನು ಈ ಜನ್ಮದಲ್ಲಿ ಬರುವುದಿಲ್ಲ. ಇದು ನಮ್ಮ ಕಡೆ ಎಲ್ಲರಿಗೂ ಗೊತ್ತಿರುವ ವಿಷಯ.

ಚಿಕ್ಕರಾಜು ಫೋನಿನಲ್ಲಿ ಭಾನುವಾರದ ವಿಷಯ ಎರಡು ನಿಮಿಷ ಮಾತಾಡಿ, ತನ್ನ ಮನೆಗೆ ಹಾಕಿಸಿದ ಫಾಲ್ಸ್ ಸೀಲಿಂಗಿನ ವಿಷಯ ಇಪ್ಪತ್ತು ನಿಮಿಷ ಮಾತಾಡಿದ. ಅದರಲ್ಲಿ ಎಷ್ಟು ಲೈಟಿವೆ, ಯಾವ ಬಣ್ಣದವು, ಯಾವುದು ಯಾವಾಗ ಉರಿಯುತ್ತದೆ ಎಂಬುದನ್ನೆಲ್ಲ ಹೇಳಿದ. ಜಯರಾಮು ಹೂಂ ಹೂಂ ಎಂದು ಸುಸ್ತಾಗಿ, ತಾನೂ ಏನಾದರೊಂದು ಹೇಳಬೇಕಲ್ಲ ಎಂದು ಬಾಯಿ ತೆರೆದ.

"ನಮ್ದೂ ಅಷ್ಟೇ ಬೀಗರೇ. ಹಾಲಿಗೆ ಹೋದ ವರ್ಷ ವಾಲ್‌ಪೇಪರ್ ಹಾಕ್ಸಿದೀವಿ."

ಫೋನಿಟ್ಟು ತಿರುಗಿದರೆ ಹೆಂಡತಿ ರಾಧಾಮಣಿ ಸೊಂಟದ ಮೇಲೆ ಕೈಯಿಟ್ಟು ನಿಂತಿದ್ದಳು. ಅವಳ ಹಿಂದೆ ಹಾಲಿನ ಗೋಡೆ. ಅದರ ಮೇಲೆ ಎರಡು ಕ್ಯಾಲೆಂಡರ್, ಏಳು ಮೊಳೆ, ಮೂರು ಮೊಳೆ ಕಿತ್ತ ತೂತು.

"ಹಾಕ್ಸಿದೀವಾ?"

"ಹಾಕ್ಸ್ತೀವಿ ಕಣೆ."

"ಹೋದ ವರ್ಷ ಹೆಂಗ್ರೀ ಹಾಕ್ಸ್ತೀರಾ ಈಗ?"

ಜಯರಾಮು ನೀರು ಕುಡಿಯಲು ಹೋದ. ಲೋಹಿತಾ ಅಲ್ಲೇ ಕೂತು ಕೇಳಿಸಿಕೊಂಡಿದ್ದಳು. "ಅಪ್ಪಾ, ಭಾನುವಾರದ ತನಕ ನೀನು ಏನೂ ಮಾಡ್ದೆ ಸುಮ್ನಿದ್ರೆ ಸಾಕು, ನನ್ ಮದುವೆ ಆಗ್ತದೆ," ಎಂದಳು. ಅವನು ತಲೆಯಾಡಿಸಿದ. ತಲೆಯಾಡಿಸುವುದು ಅವನಿಗೆ ಮೊದಲಿನಿಂದಲೂ ಚೆನ್ನಾಗಿ ಬರುತ್ತಿತ್ತು.

ಕೊನೆಗೆ ಗಂಡಹೆಂಡಿರ ನಡುವೆ ಒಪ್ಪಂದವಾಯಿತು. ವಾಲ್‌ಪೇಪರ್ ತರುವುದು, ಯಾರಿಗೂ ತಿಳಿಯದಂತೆ ಅಂಟಿಸುವುದು. ಹೊಂಗೆಪಾಳ್ಯದಲ್ಲಿ ಒಬ್ಬರಿಗೆ ತಿಳಿದರೂ ಭಾನುವಾರ ಬೀಗರ ಕಿವಿಗೆ "ಮೊನ್ನೆ ತಾನೇ ಅಂಟ್ಸಿದ್ರು" ಎಂದು ಬಿದ್ದೇ ಬೀಳುತ್ತದೆ. ಕೆಲಸದವರನ್ನು ಕರೆಸುವಂತಿಲ್ಲ. ಅಂಟಿಸುವವನು ಜಯರಾಮುವೇ.

ಇದಕ್ಕೆ ಜಯರಾಮು ಹೆದರಲಿಲ್ಲ. ಬಸ್ ನಿಲ್ಲುವ ಜಾಗದಲ್ಲಿ ಅವನದೊಂದು ಜೆರಾಕ್ಸ್ ಮತ್ತು ಲ್ಯಾಮಿನೇಷನ್ ಅಂಗಡಿ ಇತ್ತು. ಹದಿನಾಲ್ಕು ವರ್ಷದಿಂದ ಸುತ್ತಮುತ್ತಲ ಹಳ್ಳಿಗಳ ರೇಷನ್ ಕಾರ್ಡು, ಆಧಾರ್ ಕಾರ್ಡುಗಳಿಗೆಲ್ಲ ಪ್ಲಾಸ್ಟಿಕ್ಕು ಅಂಟಿಸಿದ ಕೈ ಅವನದು.

ಬುಧವಾರ ಅಂಗಡಿಗೆ ಬೀಗ ಹಾಕಿ ಅವನು ಶಿರಾಕ್ಕೆ ಹೋದ. ಮಧುಗಿರಿಯಲ್ಲಿ ಕೊಂಡರೆ ಯಾರಾದರೂ ನೋಡುತ್ತಾರೆಂಬ ಭಯ. ಶಿರಾದಲ್ಲಿ ಅತೀಕನ ಅಂಗಡಿ ಸಿಕ್ಕಿತು. ಬಣ್ಣ, ಬ್ರಷ್ಷು, ಬಾಗಿಲ ಚಿಲಕ, ಗೋಡೆಗೆ ಅಂಟಿಸುವ ಕಾಗದ ಎಲ್ಲವೂ ಅಲ್ಲಿತ್ತು.

"ಬನ್ನಿ ಅಣ್ಣಾ, ಏನ್ ಬೇಕು?"

"ವಾಲ್‌ಪೇಪರ್. ಹೋದ ವರ್ಷ ಹಾಕ್ಸಿದಂಗೆ ಇರ್ಬೇಕು."

ಹಳೆಯದು ಹೊಸದರಂತೆ ಕಾಣಬೇಕೆಂದು ಕೇಳಿಕೊಂಡು ಬಂದವರನ್ನು ಅತೀಕ್ ಬೇಕಾದಷ್ಟು ನೋಡಿದ್ದ. ಹೊಸದು ಹಳೆಯದರಂತೆ ಕಾಣಬೇಕೆಂದವನು ಇವನೇ ಮೊದಲು. ಆದರೂ ವ್ಯಾಪಾರಿಯಾದವನು ಗಿರಾಕಿಯ ತಲೆ ಪರೀಕ್ಷೆ ಮಾಡುವುದಿಲ್ಲ. ದಪ್ಪನೆಯ ಕ್ಯಾಟಲಾಗ್ ತೆಗೆದು ಮೊದಲು ಕೆಂಪು ಇಟ್ಟಿಗೆಯ ಡಿಸೈನ್ ತೋರಿಸಿದ.

"ಇಟ್ಟಿಗೆ ಕಾಣ್ಬಾರ್ದು ಅಂತ ತಾನೇ ನಮ್ಮಪ್ಪ ಗಾರೆ ಮಾಡ್ಸಿದ್ದು? ಈಗ ಗಾರೆ ಮೇಲೆ ಇಟ್ಟಿಗೆ ಅಂಟಿಸಿದ್ರೆ ಅವ್ರ ಆತ್ಮ ಏನಂದ್ಕೊಳ್ತದೆ?"

ಅತೀಕ್ ಜಲಪಾತ ತೋರಿಸಿದ.

"ಬ್ಯಾಡ. ಕೊರಟಗೆರೆಯಿಂದ ಬರೋರಿಗೆ ಸಕ್ಕರೆ ಕಾಯಿಲೆ. ನೀರು ನೋಡಿದ ತಕ್ಷಣ ಬಾತ್‌ರೂಮ್ ಎಲ್ಲಿ ಅಂತಾರೆ."

ಕಪಾಟಿನ ತುಂಬ ಪುಸ್ತಕ ಜೋಡಿಸಿದ ಡಿಸೈನ್ ಬಂತು.

"ಎಲ್ಲಾ ಓದಿದೀರಾ ಅಂತ ಕೇಳ್ಬುಟ್ರೆ?"

ಕೊನೆಗೆ ಹೆಂಡತಿಗೆ ಫೋನು ಹಚ್ಚಿ ಸ್ಪೀಕರ್ ಹಾಕಿದ. ರಾಧಾಮಣಿಯ ಮನಸ್ಸಿನಲ್ಲಿ ಎಲ್ಲ ಸ್ಪಷ್ಟವಾಗಿತ್ತು. "ಹೂವಿರ್ಲಿ, ಸೀರೆ ಥರ ಇರ್ಬಾರ್ದು. ಬಣ್ಣ ಇರ್ಲಿ, ಎದ್ದು ಕಾಣ್ಬಾರ್ದು. ಭಾರೀ ಬೆಲೆ ಕೊಟ್ಟಂಗೆ ಇರ್ಲಿ, ಕೊಡ್ಬ್ಯಾಡಿ." ಅತೀಕ್ ಹಾಳೆ ತಿರುವಿ, ಕೆನೆಬಣ್ಣದ ಮೇಲೆ ಬಂಗಾರದ ಬಳ್ಳಿ ಹಬ್ಬಿದ ಒಂದು ಡಿಸೈನಿನ ಮೇಲೆ ಬೆರಳಿಟ್ಟ. ಅದೇ ಗಟ್ಟಿಯಾಯಿತು.

"ಅಂಟಿಸೋಕೆ ಆಳು ಕಳಿಸ್ಲಾ ಅಣ್ಣಾ?"

"ಹತ್ತು ಸಾವಿರ ಕಾರ್ಡಿಗೆ ಲ್ಯಾಮಿನೇಷನ್ ಮಾಡಿರೋ ಕೈ ಕಣಪ್ಪ ಇದು. ಇದೂ ಅದೇ, ಸೈಜು ದೊಡ್ದು ಅಷ್ಟೇ."

"ಅರೆ, ಕಾರ್ಡು ನಿಮ್ ಮಾತು ಕೇಳುತ್ತೆ. ಗೋಡೆ ಯಾರ ಮಾತೂ ಕೇಳಲ್ಲ," ಎಂದ ಅತೀಕ್. "ಯಾವ ಮನೆ ಗೋಡೇನೂ ಬಿಲ್ಕುಲ್ ನೆಟ್ಟಗಿರಲ್ಲ. ಮೂಲೆ ನಂಬ್ಕೊಂಡು ಶುರು ಮಾಡಿದ್ರೆ ಖಲಾಸ್, ಆ ತುದಿಗೆ ಹೋಗೋಷ್ಟರಲ್ಲಿ ಬಳ್ಳಿ ಎಲ್ಲಾ ಸೊಟ್ಟಗಾಗುತ್ತೆ. ಮೊದ್ಲು ದಾರಕ್ಕೆ ತೂಕದ ಗುಂಡು ಕಟ್ಟಿ ಇಳಿಬಿಡಿ. ದಾರಕ್ಕೆ ಕಾವಿ ಹಚ್ಚಿ, ಮೇಲೆ ಕೆಳಗೆ ಬಿಗಿಯಾಗಿ ಹಿಡ್ದು, ಮಧ್ಯ ಎಳೆದು ಬಿಡಿ. ಟಪ್. ಗೋಡೆ ಮೇಲೆ ನೆಟ್ಟನೆ ಕೆಂಪು ಗೆರೆ ಬರುತ್ತೆ. ಆ ಗೆರೆಗೆ ಕಾಗದದ ಪಟ್ಟಿ ಕೂರಿಸಿ."

ಹೀಗೆ ಜಯರಾಮು ಸಂಜೆ ಬಸ್ಸಿಗೆ ಹತ್ತಿದಾಗ ಅವನ ಗೋಣಿಚೀಲದಲ್ಲಿ ಎರಡು ಸುರುಳಿ ಕಾಗದ, ಅಂಟಿನ ಪುಡಿಯ ಪೊಟ್ಟಣ, ರೋಲರ್, ಅಗಲ ಬ್ರಷ್ಷು, ಗುಳ್ಳೆ ಒತ್ತುವ ಪ್ಲಾಸ್ಟಿಕ್ ಪಟ್ಟಿ, ಬ್ಲೇಡು, ಟೇಪು, ಗಾರೆಯವರು ಗೋಡೆ ನೆಟ್ಟಗಿದೆಯೇ ಎಂದು ನೋಡುವ ತೂಕದ ಗುಂಡು, ಒಂದು ಉಂಡೆ ದಾರ ಮತ್ತು ಒಂದು ಪುಡಿಕೆ ಕಾವಿ ಇದ್ದವು. ಕಂಡಕ್ಟರ್ "ಏನಣ್ಣ ಅದು?" ಎಂದಿದ್ದಕ್ಕೆ "ಹಿಂಡಿ" ಎಂದ. ಸುಳ್ಳು ಈಗ ಸ್ವಲ್ಪ ಸಲೀಸಾಗಿ ಬರುತ್ತಿತ್ತು.

ಗುರುವಾರ ಬೆಳಗ್ಗೆ ರಾಧಾಮಣಿ ಒಂದು ಷರತ್ತು ಹಾಕಿದಳು. ಕೈ ಕುದುರುವ ತನಕ ಹಾಲಿನ ಗೋಡೆಯನ್ನು ಮುಟ್ಟುವಂತಿಲ್ಲ. ಹಾಗಾಗಿ ಜಯರಾಮು ಅಭ್ಯಾಸಕ್ಕೆಂದು ಮನೆಯ ಹೊರಗೆ, ರಸ್ತೆಗೆ ಮುಖ ಮಾಡಿದ ಸುಣ್ಣದ ಗೋಡೆಯನ್ನು ಆರಿಸಿಕೊಂಡ. ಗುಂಡು ಇಳಿಬಿಟ್ಟ, ಕಾವಿ ಹಚ್ಚಿದ, ಎಳೆದು ಬಿಟ್ಟ. ಟಪ್. ಎಷ್ಟು ಚಂದದ ಗೆರೆ! ಖುಷಿಯಲ್ಲಿ ಇನ್ನೂ ನಾಲ್ಕು ಎಳೆದ. ಮರೆಯಬಾರದೆಂದು ಒಂದೊಂದರ ತಲೆಯ ಮೇಲೆ ಒಂದರಿಂದ ಐದರ ತನಕ ನಂಬರ್ ಬರೆದ. ಪಟ್ಟಿಯ ಅಗಲ ಇಪ್ಪತ್ತೊಂದು ಇಂಚಾದ್ದರಿಂದ ಪಕ್ಕದಲ್ಲಿ ಒಂದು ಬಾಣ ಹಾಕಿ '21' ಎಂದೂ ಬರೆದ. ಹಿಂದೆ ಸರಿದು ನಿಂತು ನೋಡುತ್ತಿದ್ದಾಗ ಬೆನ್ನ ಹಿಂದೆ ಕೆಮ್ಮು ಕೇಳಿಸಿತು.

ಪಕ್ಕದ ಮನೆಯ ನಂದೀಶ್ವರಯ್ಯ. ನಿವೃತ್ತ ಹೆಡ್‌ಮೇಷ್ಟ್ರು. ಊರಿನ ಯಾವ ವಿಷಯವೇ ಆಗಲಿ, ಅದು ಆಗುವುದಕ್ಕೆ ಮುಂಚೆಯೇ ಅವರಿಗೆ ಅರ್ಥವಾಗಿರುತ್ತಿತ್ತು.

"ಏನ್ಲಾ ಜಯರಾಮ ಇದು, ಗೋಡೆ ಮೇಲೆ?"

ಜಯರಾಮು ಗುಂಡನ್ನು ಗಬಕ್ಕನೆ ಅಂಗಿಯ ಜೇಬಿಗೆ ಇಳಿಸಿದ. ಅರ್ಧ ಕಿಲೋ ಗುಂಡಿಗೆ ಅಂಗಿ ಒಂದು ಪಕ್ಕಕ್ಕೆ ಜೋತಿತು. "ಗೊತ್ತಿಲ್ಲ ಮೇಷ್ಟ್ರೇ. ಬೆಳಗ್ಗೆ ಎದ್ದು ನೋಡ್ತೀನಿ, ಇತ್ತು."

"ನಿಂಗೆ ಗೊತ್ತಿಲ್ದೆ ನಿನ್ ಗೋಡೆ ಮೇಲೆ ಬರ್ದವ್ರಾ?"

"ಊಂ. ಯಾರಿಗೂ ಹೇಳ್ಬೇಡಿ ಮೇಷ್ಟ್ರೇ."

ಮೇಷ್ಟ್ರು ಕನ್ನಡಕ ಸರಿಮಾಡಿಕೊಂಡು ಗೆರೆಗಳನ್ನು ಓದಿದರು. ಕೆಂಪು ಗುರುತು. ನಂಬರು. ರಸ್ತೆಯ ಕಡೆಯಿಂದ ಮನೆಯ ಕಡೆಗೆ ಬಾಣ. ಇಪ್ಪತ್ತೊಂದು. ಅವರ ಮುಖದಲ್ಲಿ ನಿಧಾನವಾಗಿ ಬೆಳಕು ಮೂಡಿತು. ಮಧುಗಿರಿಯಿಂದ ಪಾವಗಡಕ್ಕೆ ಹೋಗುವ ರಸ್ತೆ ಅಗಲವಾಗುತ್ತದೆಂದು ಊರಿನವರು ಎಷ್ಟೋ ವರ್ಷದಿಂದ ಮಾತಾಡಿಕೊಳ್ಳುತ್ತಿದ್ದರು. "ಇಪ್ಪತ್ತೊಂದು ಅಡಿ ಒಳಕ್ಕೆ," ಎಂದು ಮೇಷ್ಟ್ರು ತಮ್ಮಷ್ಟಕ್ಕೆ ಹೇಳಿಕೊಂಡು, ಜಯರಾಮುವಿನ ಭುಜ ತಟ್ಟಿ, ಯಾರಿಗೂ ಹೇಳುವುದಿಲ್ಲವೆಂದು ಮಾತು ಕೊಟ್ಟು ಹೋದರು. ಹನ್ನೊಂದು ಗಂಟೆಗೆ ಊರಿಗೆಲ್ಲ ಗೊತ್ತಾಗಿತ್ತು.

ಮನೆ ಒಡೆಯುತ್ತಾರೆಂದರೆ ಜನ ಅಳುತ್ತಾರೆಂದು ನೀವು ತಿಳಿಯಬಹುದು. ಮೊದಲ ಎರಡು ಗಂಟೆ ಅತ್ತದ್ದೂ ನಿಜ. ಆಮೇಲೆ ಮೇಷ್ಟ್ರು ಅರಳೀಕಟ್ಟೆಯ ಮೇಲೆ ಕೂತು, ಗುರುತು ಬಿದ್ದವರಿಗೆ ಪರಿಹಾರವೂ ಉಂಟು, ಬೇರೆ ಕಡೆ ಸೈಟೂ ಉಂಟು ಎಂದು ವಿವರಿಸಿದರು. ಅಲ್ಲಿಗೆ ಅಳು ನಿಂತು ಹೊಟ್ಟೆಯುರಿ ಶುರುವಾಯಿತು.

"ಅವನೊಬ್ಬನ ಮನೆಗೇ ಯಾಕೆ?" ಎಂದಳು ಎದುರು ಮನೆಯ ಈರಕ್ಕ. ಅವಳಿಗೆ ನಲವತ್ತು ಕುರಿ, ಒಂದು ಕುರಿಹಟ್ಟಿ, ಮತ್ತು ಊರಿನ ಆ ತುದಿಯಿಂದ ಈ ತುದಿಗೆ ಕೇಳಿಸುವ ಗಂಟಲು ಇತ್ತು. "ನಮ್ ಮನೆ ಏನ್ ಪಾಪ ಮಾಡೈತೆ? ನಮ್ ಮನೆ ಒಡೆಯಾಕೆ ಅವ್ರಿಗೇನ್ ರೋಗ? ಆ ಜೆರಾಕ್ಸ್ ಮಾಡೋನು ಯಾರ್ದೋ ಕೈ ಹಿಡ್ದವ್ನೆ. ಇಲ್ದಿದ್ರೆ ಅವನ್ ಮನೆ ಒಂದನ್ನೇ ಒಡೀತಾರಾ?"

ಶುಕ್ರವಾರ ಜಯರಾಮುವಿನ ಅಂಗಡಿಯ ಮುಂದೆ ಎಂದೂ ಇಲ್ಲದ ಸಾಲು. ಎಲ್ಲರ ಕೈಯಲ್ಲೂ ಮನೆ ಪತ್ರ, ಎಲ್ಲರಿಗೂ ಐದೈದು ಜೆರಾಕ್ಸ್ ಬೇಕು. ಯಾಕೆಂದು ಯಾರೂ ಹೇಳಲಿಲ್ಲ. ವಾಲ್‌ಪೇಪರಿನ ಗುಟ್ಟು ಹೊಟ್ಟೆಯಲ್ಲಿಟ್ಟುಕೊಂಡಿದ್ದ ಜಯರಾಮು ತಾನೂ ಕೇಳಲಿಲ್ಲ. ಯಾರನ್ನಾದರೂ ಏನಾದರೂ ಕೇಳಿದರೆ ಅವರು ತಿರುಗಿ ತನ್ನನ್ನು ಏನಾದರೂ ಕೇಳಿಯಾರೆಂಬ ಹೆದರಿಕೆ ಅವನಿಗೆ.

ಮಧ್ಯಾಹ್ನ ಮೇಷ್ಟ್ರು ಬಂದು, ಅವನು ಮನೆಯಿಂದ ತಂದು ಅಂಗಡಿಯ ಮೂಲೆಯಲ್ಲಿ ಬಚ್ಚಿಟ್ಟಿದ್ದ ಗೋಣಿಚೀಲದ ಕಡೆ ಕಣ್ಣು ಹಾಯಿಸಿದರು. "ಆ ದಾರ, ಆ ಕಾವಿ ಒಂದು ಘಳಿಗೆ ಕೊಡ್ಲಾ. ಮಂಚ ಅಳೀಬೇಕು."

ಕೊಟ್ಟ. ಅವರಾದ ಮೇಲೆ ಇನ್ನೊಬ್ಬರು ಬಾಗಿಲು ಅಳೆಯಲು ತೆಗೆದುಕೊಂಡು ಹೋದರು. ಮತ್ತೊಬ್ಬರು ತೊಟ್ಟಿಲು ಅಳೆಯಲು ಟೇಪನ್ನೂ ಒಯ್ದರು. ಸಂಜೆಗೆ ಈರಕ್ಕ ಬಂದಳು.

"ಲೇ ಜಯರಾಮು, ಆ ದಾರ, ಗುಂಡು ಕೊಡು."

"ಯಾಕಕ್ಕ?"

"ಕುರಿ ಅಳೀಬೇಕು ಕಣ್ಲಾ."

ಕುರಿಯನ್ನು ತೂಕದ ಗುಂಡು ಇಳಿಬಿಟ್ಟು ಯಾಕೆ ಅಳೆಯುತ್ತಾರೆ ಎಂದು ಬೇರೆ ಯಾರಾದರೂ ಕೇಳುತ್ತಿದ್ದರು. ಜಯರಾಮು ಕೊಟ್ಟು ಕಳಿಸಿದ.

ಶನಿವಾರ ಬೆಳಗ್ಗೆ ಹಾಲು ತರಲು ಹೊರಗೆ ಬಂದವನು ಚೊಂಬು ಹಿಡಿದು ಹಾಗೇ ನಿಂತ. ರಸ್ತೆಯ ಎರಡೂ ಕಡೆ, ಆ ತುದಿಯಿಂದ ಈ ತುದಿಗೆ, ಪ್ರತಿ ಮನೆಯ ಗೋಡೆಯ ಮೇಲೂ ಕೆಂಪು ಗೆರೆ. ಕೆಲವು ನೆಟ್ಟಗೆ, ಕೆಲವು ಸೊಟ್ಟಗೆ. ಕೆಲವು ಮನೆಗೆ ಐದು, ಮೇಷ್ಟ್ರ ಮನೆಗೆ ಹದಿನೆಂಟು. ಅವನು ಒಳಗೆ ಓಡಿದ.

"ರಾಧಾ! ನಿಜವಾಗ್ಲೂ ರೋಡು ಬರ್ತಾ ಐತೆ ಕಣೆ! ಊರಿಗೆಲ್ಲಾ ಗೆರೆ ಹಾಕವ್ರೆ!"

"ನಮ್ ಗೋಡೆದು ನೀವೇ ಹಾಕಿದ್ದಲ್ವಾ?"

"ನಮ್ದು ನಾನು. ಮಿಕ್ಕಿದ್ದು ಸರ್ಕಾರ. ಹೆಂಗೂ ಇಲ್ಲಿ ಗೆರೆ ಐತೆ, ಒಂದು ಮನೆ ಕೆಲಸ ಉಳೀತು ಅಂತ ನಮ್ದನ್ನ ಹಂಗೇ ಬುಟ್ಟವ್ರೆ."

ರಾಧಾಮಣಿ ಗಂಡನನ್ನು ಅಡಿಯಿಂದ ಮುಡಿಯ ತನಕ ನೋಡಿದಳು. ಇಪ್ಪತ್ತಾರು ವರ್ಷದ ಸಂಸಾರದಲ್ಲಿ ಅವಳು ಹೀಗೆ ನೋಡಿದ್ದು ಇದು ಎಷ್ಟನೆಯ ಸಲವೋ. "ಒಡೆಯೋದು ಯಾವಾಗ್ಲಾರ ಒಡ್ಕೊಳ್ಲಿ. ನಾಳೆ ಗೋಡೆ ಇರ್ತದೆ ತಾನೆ? ಅಂಟಿಸಿ," ಎಂದಳು.

ಅಷ್ಟರಲ್ಲಿ ಪಂಚಾಯ್ತಿಯ ಪಿಡಿಒ ಗೌರೀಶ್ ಬೈಕಿನಲ್ಲಿ ಬಂದ. ಕೆಲಸಕ್ಕೆ ಹೊಸಬ. ಈ ಗೆರೆಗಳ ವಿಷಯ ಅವನಿಗೇನೂ ಗೊತ್ತಿರಲಿಲ್ಲ, ಆದರೆ ಗೊತ್ತಿಲ್ಲವೆಂದು ಹೇಳಲು ಅವನ ಹುದ್ದೆ ಬಿಡಲಿಲ್ಲ.

"ಯಾವಾಗ ಒಡೀತೀರಾ ಸ್ವಾಮಿ?" ಎಂದು ಜನ ಮುತ್ತಿದರು.

"ಅದು... ಫೈಲು ಓಡ್ತಾ ಇದೆ," ಎಂದ ಗೌರೀಶ್. ಒಂದೊಂದೇ ಗೋಡೆಯ ಮುಂದೆ ನಿಂತು ಮೊಬೈಲಿನಲ್ಲಿ ಫೋಟೊ ತೆಗೆದ. ಈರಕ್ಕನ ಮನೆಯ ಮುಂದೆ ಬಂದಾಗ ಮಾತ್ರ ಅವನ ಕೈ ನಿಂತಿತು. ಹಟ್ಟಿಯ ಕಲ್ಲಿನ ಮೇಲೆ ಗೆರೆ ಸರಿಯಾಗಿ ಬೀಳದ್ದರಿಂದ ಈರಕ್ಕ ನಲವತ್ತು ಕುರಿಗಳ ಬೆನ್ನಿನ ಮೇಲೆ ಒಂದೊಂದು ಕೆಂಪು ಗೆರೆ ಹಾಕಿ, ನಂಬರೂ ಬರೆದಿದ್ದಳು. ತೂಕದ ಗುಂಡು ಹದಿನೇಳನೆಯ ಕುರಿಯ ಕೊರಳಲ್ಲಿ ನೇತಾಡುತ್ತಿತ್ತು.

"ಕುರಿಗೂ ಗುರುತು ಬಿದ್ದಿದೆಯಾ?" ಎಂದ ಗೌರೀಶ್ ಬೆವರು ಒರೆಸಿಕೊಳ್ಳುತ್ತಾ.

"ಅವೂ ರೋಡಲ್ಲೇ ಓಡಾಡ್ತವೆ ಸ್ವಾಮಿ," ಎಂದಳು ಈರಕ್ಕ.

ಗೌರೀಶ್ ಅಲ್ಲೇ ಕಟ್ಟೆಯ ಮೇಲೆ ಕೂತು ಫೋಟೊಗಳನ್ನೆಲ್ಲ ಮೇಲಿನವರಿಗೆ ಕಳಿಸಿದ. ಹತ್ತು ನಿಮಿಷಕ್ಕೆ ಅಲ್ಲಿಂದ, ನಡೆದಿರುವ ಕೆಲಸದ ಬಗ್ಗೆ ಸೋಮವಾರ ವರದಿ ಕೊಡಿ ಎಂದು ಉತ್ತರ ಬಂತು. ಅವನ ಮುಖ ಅರಳಿತು. "ನೋಡಿ, ಮೇಲಿನೋರೇ ವರದಿ ಕೇಳ್ತಿದಾರೆ. ಅಂದ್ಮೇಲೆ ಕೆಲಸ ನಡೀತಿರೋದು ನಿಜ," ಎಂದು ಜನರಿಗೆ ಸಾರಿದ. ಜನ ಚಪ್ಪಾಳೆ ತಟ್ಟಿದರು.

ಮಧ್ಯಾಹ್ನ ಬಾಗಿಲು ಹಾಕಿಕೊಂಡು ಜಯರಾಮು ಹಾಲಿನ ಗೋಡೆಗೆ ಕೈ ಹಾಕಿದ. ದಾರ ಗುಂಡು ಕುರಿಯ ಕೊರಳಲ್ಲಿತ್ತು, ಕಾವಿ ಯಾರ ಮನೆಯಲ್ಲೋ ಇತ್ತು, ಟೇಪು ತೊಟ್ಟಿಲು ಅಳೆಯಲು ಹೋದದ್ದು ಬರಲೇ ಇಲ್ಲ. ಕಣ್ಣಳತೆಯ ಮೇಲೆ ಶುರು ಮಾಡಿದ. ಅಂಟಿನ ಪುಡಿಗೆ ಐದು ಲೀಟರ್ ನೀರು ಎಂದು ಪೊಟ್ಟಣದ ಮೇಲಿತ್ತು, ಅವನು ಒಂದು ಬಕೆಟ್ ಹಾಕಿದ. ಬಕೆಟ್ಟಿಗೆ ಎಷ್ಟು ಲೀಟರ್ ಹಿಡಿಯುತ್ತದೆಂದು ಯೋಚಿಸುವಷ್ಟು ಪುರುಸೊತ್ತು ಇರಲಿಲ್ಲ. ಅಂಟು ಮಜ್ಜಿಗೆ ನೀರಾಯಿತು. ಅದನ್ನೇ ಬಳಿದು ಆರು ಪಟ್ಟಿಯನ್ನೂ ಗೋಡೆಗೆ ಏರಿಸಿದ. ಬಾಗಿಲ ಹತ್ತಿರ ನೆಟ್ಟಗಿದ್ದ ಬಂಗಾರದ ಬಳ್ಳಿ ಕಿಟಕಿಯ ಹತ್ತಿರ ಬರುವಷ್ಟರಲ್ಲಿ ಮಲಗಿಬಿಟ್ಟಿತ್ತು. ಆದರೂ ದೂರದಿಂದ ನೋಡಿದರೆ ಚೆನ್ನಾಗಿಯೇ ಇತ್ತು. ಲೋಹಿತಾ ಮಾತ್ರ ಹತ್ತಿರದಿಂದ ನೋಡಿದಳು.

"ಅಪ್ಪಾ, ನಾಳೆ ಅವ್ರು ಹೂ ಮುಡಿಸ್ದೆ ಹೋದ್ರೆ..." ಎಂದವಳು ಒಳಗೆ ಹೋದಳು. ಮಗಳ ಕಣ್ಣು ಒದ್ದೆಯಾದದ್ದನ್ನು ಜಯರಾಮು ನೋಡಿದ. ಫೋನಿನಲ್ಲಿ ಹಾಳು ಬಾಯಿ ತೆರೆದದ್ದಕ್ಕೆ ತನ್ನನ್ನೇ ಬೈದುಕೊಂಡ.

ಭಾನುವಾರ ಹತ್ತೂವರೆಗೆ ಕೊರಟಗೆರೆಯ ಕಾರು ಬಂದು ನಿಂತಿತು. ಚಿಕ್ಕರಾಜು ಇಳಿದ, ಜಯಕುಮಾರ ಇಳಿದ, ಕೊನೆಗೆ ಹೂವಿನ ಬುಟ್ಟಿ ಹಿಡಿದು ಚಿಕ್ಕರಾಜುವಿನ ಸೋದರತ್ತೆ ಪೆದ್ದಮ್ಮ ಇಳಿದಳು. ಪಾವಗಡದ ಗಡಿಯ ಕಡೆಯವಳು. ಅರ್ಧ ತೆಲುಗು, ಅರ್ಧ ಕನ್ನಡ, ಪೂರ್ತಿ ಅಧಿಕಾರ. ಆ ಮನೆಯಲ್ಲಿ ಅವಳು ಹೂಂ ಅನ್ನದೆ ಹಸುವೂ ಹಾಲು ಕೊಡುತ್ತಿರಲಿಲ್ಲ.

ಇಳಿದವರು ಮನೆಯ ಕಡೆ ಬರಲಿಲ್ಲ. ರಸ್ತೆಯ ಮಧ್ಯೆ ನಿಂತು ಗೋಡೆಗಳನ್ನೇ ನೋಡುತ್ತಿದ್ದರು.

"ಇದೇಮಿ ಇದು? ಎಲ್ಲಾ ಮನೆಗೂ ಕೆಂಪು ಗೆರೆ?" ಎಂದಳು ಪೆದ್ದಮ್ಮ.

"ರೋಡು ಅಗಲ ಮಾಡ್ತಾರೆ ಕಣಮ್ಮ," ಎಂದು ಈರಕ್ಕ ಎದುರಿನಿಂದ ಹೆಮ್ಮೆಯಿಂದ ಕೂಗಿದಳು. "ನಮ್ಮನೆ ಎಲ್ಲಾ ಹೋಗ್ತದೆ. ಜಯರಾಮುದು ಎಲ್ಲಕಿಂತ ಮೊದ್ಲು!"

ಮೇಷ್ಟ್ರೂ ಮುಂದೆ ಬಂದು ಇಪ್ಪತ್ತೊಂದು ಅಡಿಯ ಲೆಕ್ಕ ಒಪ್ಪಿಸಿದರು. ವರದಿಗೆ ಇನ್ನೂ ನಾಲ್ಕು ಫೋಟೊ ಬೇಕೆಂದು ಬಂದಿದ್ದ ಗೌರೀಶ್ ತಲೆಯಾಡಿಸಿ ಸರ್ಕಾರದ ಮುದ್ರೆ ಒತ್ತಿದ. ಪೆದ್ದಮ್ಮ ಬುಟ್ಟಿಯ ಮೇಲೆ ಸೆರಗು ಮುಚ್ಚಿಕೊಂಡಳು.

"ಚಿಕ್ಕರಾಜು, ಬಂಡಿ ತಿಪ್ಪು, ಹಿಂದಕ್ಕೆ ತಿರುಗ್ಸು. ಒಡೆಯೋ ಮನೆಯಿಂದ ಹೆಣ್ಣು ತರಬಾರ್ದು. ಅರಿಷ್ಟಂ."

"ಅಜ್ಜೀ, ಮನೆ ತಾನೇ ಒಡೆಯೋದು, ಹುಡುಗಿ ಏನ್ ಮಾಡಿದ್ಲು?" ಎಂದ ಜಯಕುಮಾರ. ಪೆದ್ದಮ್ಮ ಅವನ ಕಡೆ ತಿರುಗಿ ನೋಡಿದಳು, ಅವನು ಕಾರಿನ ಟೈರು ನೋಡಿದ. ಚಿಕ್ಕರಾಜು ಕೈ ಜೋಡಿಸಿ, "ಊರಿಗೆ ಹೋಗಿ ಫೋನ್ ಮಾಡ್ತೀವಿ ಬೀಗರೇ," ಎಂದ.

ಕಿಟಕಿಯಲ್ಲಿ ಲೋಹಿತಾಳ ಮುಖ ಕಂಡಿತು. ಅಷ್ಟು ಸಾಕಾಯಿತು ಜಯರಾಮುವಿಗೆ.

"ಹೋಗ್ಬೇಡಿ!" ಎಂದು ಅವನು ಕಾರಿಗೆ ಅಡ್ಡ ನಿಂತ. "ಯಾವ ರೋಡೂ ಬರಲ್ಲ. ಆ ಗೆರೆ ಎಳೆದಿದ್ದು ನಾನು!"

ಯಾರೂ ನಂಬಲಿಲ್ಲ. ಮನೆ ಹೋಗುವ ಸಂಕಟಕ್ಕೆ ತಲೆ ಕೆಟ್ಟಿದೆ ಪಾಪ ಎಂದು ಮೇಷ್ಟ್ರು ಗೌರೀಶನ ಕಿವಿಯಲ್ಲಿ ಹೇಳಿದರು. ಜಯರಾಮು ಎದುರಿನ ಹಟ್ಟಿಗೆ ಓಡಿ, ಹದಿನೇಳನೆಯ ಕುರಿಯನ್ನು ಅಟ್ಟಾಡಿಸಿ ಹಿಡಿದು, ಕೊರಳಿನಿಂದ ದಾರ ಗುಂಡು ಬಿಚ್ಚಿ ತಂದ. ಬೀಗರ ಮುಂದೆ, ಊರ ಮುಂದೆ, ಕಾವಿ ಮೆತ್ತಿದ್ದ ಆ ದಾರವನ್ನು ತನ್ನ ಗೋಡೆಗೆ ಹಿಡಿದು ಎಳೆದು ಬಿಟ್ಟ. ಟಪ್. ಆರನೆಯ ಗೆರೆ.

"ನೋಡಿದ್ರಾ? ವಾಲ್‌ಪೇಪರ್ ಅಂಟಿಸೋಕೆ ಅಭ್ಯಾಸ ಮಾಡ್ತಿದ್ದೆ. ಇಪ್ಪತ್ತೊಂದು ಅಂದ್ರೆ ಅಡಿ ಅಲ್ಲ, ಇಂಚು. ಪಟ್ಟಿ ಅಗಲ!"

"ಹಂಗಾದ್ರೆ ನಮ್ಮನೆ ಗೆರೆ ಯಾರ್ ಎಳೆದ್ರು?" ಎಂದು ಮೇಷ್ಟ್ರು ಗುಡುಗಿದರು. ಗುಡುಗಿದ ಮೇಲೆ ಅದನ್ನು ಎಳೆದವರು ಯಾರೆಂದು ಅವರಿಗೇ ನೆನಪಾಯಿತು. ಮಿಕ್ಕವರ ಮನೆಯ ಗೆರೆಯೂ ಅವರವರ ಕೈಯದೇ. ಜಯರಾಮುವನ್ನು ಬೈಯಬೇಕಾದರೆ ತಾವು ಮಾಡಿದ್ದನ್ನು ಒಪ್ಪಿಕೊಳ್ಳಬೇಕಿತ್ತು. ಒಬ್ಬರು ಆಕಾಶ ನೋಡಿದರು, ಒಬ್ಬರು ಬೀಡಿ ಹುಡುಕಿಕೊಂಡರು. ಈರಕ್ಕ ಸೆರಗಿನಿಂದ ಹತ್ತಿರದ ಕುರಿಯ ಬೆನ್ನು ಉಜ್ಜತೊಡಗಿದಳು. ಗೌರೀಶ್ ಮೊಬೈಲ್ ತೆಗೆದು, ಕಳಿಸಿದ್ದನ್ನು ವಾಪಸ್ ಪಡೆಯುವುದು ಹೇಗೆಂದು ಜಯಕುಮಾರನನ್ನು ಮೆಲ್ಲಗೆ ವಿಚಾರಿಸಿದ.

ಚಿಕ್ಕರಾಜು ಮಾತ್ರ ಹುಬ್ಬು ಗಂಟಿಕ್ಕಿ ನಿಂತಿದ್ದ. "ಅಲ್ಲ ಬೀಗರೇ, ವಾಲ್‌ಪೇಪರ್ ಹೋದ ವರ್ಷ ಹಾಕ್ಸಿದ್ದು ಅಂದ್ರಿ?"

ಜಯರಾಮು ತಲೆ ತಗ್ಗಿಸಿದ. "ನಿನ್ನೆ ಮಧ್ಯಾಹ್ನ. ನೀವು ಅಷ್ಟೊತ್ತು ಸೀಲಿಂಗ್ ಬಗ್ಗೆ ಹೇಳಿದ್ರಿ. ನಂಗೂ ಏನಾರ ಹೇಳ್ಬೇಕು ಅನ್ನಿಸ್ತು. ತಪ್ಪು ನಂದು. ಮಗೀದೇನೂ ಇಲ್ಲ."

ಚಿಕ್ಕರಾಜು ಏನು ಹೇಳುತ್ತಿದ್ದನೋ ತಿಳಿಯದು, ಏಕೆಂದರೆ ಆಗಲೇ ಒಳಗಿನಿಂದ ಲೋಹಿತಾ ಕೂಗಿದಳು. "ಅಪ್ಪಾ! ಬೀಳ್ತಾ ಐತೆ!"

ಎಲ್ಲರೂ ಒಳಗೆ ನುಗ್ಗಿದರು. ಬಂಗಾರದ ಬಳ್ಳಿಯ ಆರು ಪಟ್ಟಿಗಳೂ ಸೂರಿನ ಕಡೆಯಿಂದ ಬಿಚ್ಚಿಕೊಂಡು ನಿಧಾನವಾಗಿ ಮುಂದಕ್ಕೆ ಬಾಗುತ್ತಿದ್ದವು. ರಾಧಾಮಣಿ ಒಂದನ್ನು, ಲೋಹಿತಾ ಒಂದನ್ನು ಎರಡೂ ಕೈಯಿಂದ ಒತ್ತಿ ಹಿಡಿದಿದ್ದರು. ಜಯರಾಮು ಓಡಿ ಮೂರನೆಯದಕ್ಕೆ ಕೈ ಕೊಟ್ಟ. ಬೀಳುವುದನ್ನು ಕಂಡರೆ ಕೈ ಕೊಡುವುದು ಮನುಷ್ಯನ ಸ್ವಭಾವ. ಚಿಕ್ಕರಾಜು ನಾಲ್ಕನೆಯದನ್ನು ಹಿಡಿದ. ಜಯಕುಮಾರ ಐದನೆಯದಕ್ಕೆ ಹೋಗದೆ, ಲೋಹಿತಾಳ ಪಟ್ಟಿ ಬಹಳ ಭಾರವಿರುವಂತೆ ಅದರ ಪಕ್ಕಕ್ಕೇ ಹೋಗಿ ನಿಂತ. ಐದನೆಯದು ಮೇಷ್ಟ್ರಿಗೆ ಬಂತು, ಆರನೆಯದು ಗೌರೀಶನಿಗೆ.

"ಎಷ್ಟೊತ್ತು ಹಿಂಗೇ ಹಿಡ್ಕೊಬೇಕು?" ಎಂದ ಚಿಕ್ಕರಾಜು, ಕೆನ್ನೆ ಗೋಡೆಗೆ ಒತ್ತಿಕೊಂಡೇ.

"ಒಣಗೋ ತನಕ," ಎಂದ ಜಯರಾಮು. "ಒಂದು ಗಂಟೆ ಆಗಬೋದು."

"ನಾನು ಸೋಮವಾರ ವರದಿ ಕೊಡ್ಬೇಕು," ಎಂದ ಗೌರೀಶ್.

"ನಮ್ದು ಸೀಲಿಂಗು ಹಾಕಿದ್ದು ಕಂಪ್ನಿಯೋರು," ಎಂದು ಚಿಕ್ಕರಾಜು ಶುರು ಮಾಡಿದ. ಯಾರೂ ಹೂಂ ಎನ್ನಲಿಲ್ಲ. ಅವನೂ ನಿಲ್ಲಿಸಿದ. ಈರಕ್ಕ ಅಡುಗೆಮನೆಗೆ ಹೋಗಿ ಉಪ್ಪಿಟ್ಟಿನ ಪಾತ್ರೆ ತಂದು, ಗೋಡೆ ಹಿಡಿದವರಿಗೆಲ್ಲ ಸಾಲಾಗಿ ಒಂದೊಂದು ತುತ್ತು ಬಾಯಿಗಿಡುತ್ತಾ ಹೋದಳು. ಬೀಗರು, ಅಧಿಕಾರಿ, ಮೇಷ್ಟ್ರು ಎಂಬ ಭೇದವಿಲ್ಲದೆ ಎಲ್ಲರೂ ಬಾಯಿ ತೆರೆದು ಉಂಡರು. ಅಗಿಯುತ್ತಾ ಅಗಿಯುತ್ತಾ ಚಿಕ್ಕರಾಜುವಿಗೆ ನಗು ಬಂತು. ಅವನ ನಗುವಿಗೆ ಅವನ ಪಟ್ಟಿ ಅಲುಗಾಡಿತು, "ನಗ್ಬೇಡಿ ಬೀಗರೇ, ಬೀಳ್ತದೆ!" ಎಂದು ಜಯರಾಮು ಬೇಡಿಕೊಂಡ, ಅದಕ್ಕೆ ಮೇಷ್ಟ್ರೂ ನಕ್ಕರು.

ಪೆದ್ದಮ್ಮ ಒಬ್ಬಳೇ ನಡುಮನೆಯಲ್ಲಿ ಬುಟ್ಟಿ ಹಿಡಿದು ನಿಂತಿದ್ದಳು. ಗೋಡೆಗೆ ಮುಖ ಮಾಡಿ ನಿಂತ ಇಷ್ಟು ಜನರ ಬೆನ್ನುಗಳನ್ನು ಒಮ್ಮೆ ನೋಡಿದಳು. ಹಾಗೇ ಲೋಹಿತಾಳ ಹತ್ತಿರ ಹೋಗಿ ಅವಳ ಮುಖ ನೋಡಿದಳು. ಹುಡುಗಿಯ ಹಣೆಯ ಮೇಲೆ ಅಂಟು ಇಳಿದಿತ್ತು, ಕಣ್ಣಲ್ಲಿ ನೀರು ತುಂಬಿತ್ತು, ಕೈ ಮಾತ್ರ ಗೋಡೆ ಬಿಟ್ಟಿರಲಿಲ್ಲ.

"ಏಮಯ್ಯಾ ಜಯರಾಮು," ಎಂದಳು ಪೆದ್ದಮ್ಮ. "ಮನೆ ಒಡೆಯಲ್ಲ ತಾನೇ?"

"ಇಲ್ಲಮ್ಮ. ದೇವ್ರಾಣೆ ಇಲ್ಲ."

"ಹುಡುಗಿಗೂ ಅಂಟಿಸೋ ಕೆಲಸ ಕಲಿಸಿದೀಯಾ?"

"ಇಲ್ಲಮ್ಮ! ಅದು ನಂಗೇ ಬರಲ್ಲ."

"ಸರಿ, ಹಂಗಾದ್ರೆ." ಪೆದ್ದಮ್ಮ ಬುಟ್ಟಿಯಿಂದ ಒಂದು ಮೊಳ ಕನಕಾಂಬರ ತೆಗೆದಳು. "ಬಗ್ಗಮ್ಮ ಸ್ವಲ್ಪ, ನಿನ್ ಜಡೆ ನಂಗೆ ಎಟುಕಲ್ಲ."

ಬಗ್ಗಬೇಕಾದರೆ ಕೈ ಬಿಡಬೇಕು. ಲೋಹಿತಾ ಅಪ್ಪನ ಕಡೆ ನೋಡಿದಳು. ಜಯರಾಮು ಮುಖ ಗೋಡೆಗೆ ಒತ್ತಿಕೊಂಡೇ, ಜೀವನದಲ್ಲಿ ಮೊದಲ ಸಲ ಯೋಚಿಸಿ ಮಾತಾಡಿದ. "ಬುಡವ್ವ ಅದನ್ನ. ಹಾಳಾಗೋಗ್ಲಿ."

ಲೋಹಿತಾ ಕೈ ಬಿಟ್ಟು ಬಗ್ಗಿದಳು. ಅವಳನ್ನು ನೋಡುತ್ತಾ ಜಯಕುಮಾರನೂ ಕೈ ಬಿಟ್ಟ. ಆ ಪಟ್ಟಿ ಬೀಳುತ್ತಾ ಪಕ್ಕದ್ದನ್ನು ಎಳೆಯಿತು, ಅದು ಅದರ ಪಕ್ಕದ್ದನ್ನು. ಒಂದರ ಹಿಂದೊಂದರಂತೆ ಬಂಗಾರದ ಬಳ್ಳಿಯೆಲ್ಲ ಇಳಿದು ಬಂದು ಜಯರಾಮುವಿನ ತಲೆಯ ಮೇಲಿಂದ ಪಾದದ ತನಕ ಮುಚ್ಚಿಕೊಂಡಿತು. ಅವನು ಎಲ್ಲಿದ್ದಾನೆಂಬುದೂ ಕಾಣದಾಯಿತು.

ಕಾಗದದ ಒಳಗಿನಿಂದ ಒಂದು ಧ್ವನಿ ಬಂತು.

"ಮುಡಿಸಿದ್ರಾ?"

"ಮುಡಿಸಿದ್ರು ಕಣ್ರೀ," ಎಂದಳು ರಾಧಾಮಣಿ, ಸೆರಗಿನಿಂದ ಕಣ್ಣೊರೆಸಿಕೊಳ್ಳುತ್ತಾ. "ಅಲ್ಲಾಡ್ಬೇಡಿ, ಹಂಗೇ ನಿಂತ್ಕೊಳ್ಳಿ. ಹರಿದೋಗ್ತದೆ."